ಪರೀಕ್ಷೆಗೆ ಬರಬೇಡ ಎಂದಿದ್ದೆ

ಸಾವಿತ್ರೀ, ನಿನಗೆ ಓದು ಬರುತ್ತಿತ್ತು. ಬರುವುದಿಲ್ಲ ಎಂದು ಹೇಳಿ ನಿನ್ನನ್ನು ಪರೀಕ್ಷೆಯಿಂದ ಹೊರಗಿಟ್ಟವನು ನಾನು — ಯಾರೂ ನನಗೆ ಹಾಗೆ ಮಾಡೆಂದು ಹೇಳಿರಲಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು. ಬಾಗೂರಿನ ಹತ್ತಿರ ನಿಮ್ಮೂರಿನ ಶಾಲೆಯಲ್ಲಿ ನಾನು ನಾಲ್ಕನೇ ತರಗತಿಯ ಮೇಷ್ಟ್ರು. ಹಿಂದುಳಿದ ಮಕ್ಕಳಿಗೆ ಓದು ಕಲಿಸುವ ಹೊಸ ಕಾರ್ಯಕ್ರಮ ಬಂದಿತ್ತು. ವರ್ಷದ ಮೊದಲಿಗೊಂದು ಪರೀಕ್ಷೆ, ಕೊನೆಗೊಂದು. ಅಂಕ ಏರಿದರೆ ಕಾರ್ಯಕ್ರಮ ಗೆದ್ದಂತೆ. ಮೊದಲ ಪರೀಕ್ಷೆಯಲ್ಲಿ ನಿನಗೆ ಅಕ್ಷರಗಳೇ ಗುರುತು ಸಿಗಲಿಲ್ಲ. ಆಮೇಲೆ ನೀನು ದಿನಾ ಸಂಜೆ ಕೂತು, ತುಟಿ ಆಡಿಸುತ್ತಾ ಕಲಿಯುತ್ತಿದ್ದೆ — ನಾನು ಹತ್ತಿರ ಬಂದು ಕೇಳಿಸಿಕೊಳ್ಳಲೇ ಇಲ್ಲ.

ಹಾಸನದಿಂದ ಪರೀಕ್ಷಕರು ಬರುವ ಹಿಂದಿನ ದಿನ, ನೀನು ಕೂತರೆ ಶಾಲೆಯ ಸರಾಸರಿ ಇಳಿದುಹೋಗುತ್ತದೆ ಎನಿಸಿತು. ನಿನ್ನನ್ನು ಕರೆದು ಹೇಳಿದೆ:

"ನಾಳೆ ಬರಬೇಡ ಕಣಮ್ಮ. ಓದು ಬರೋರಿಗೆ ಮಾತ್ರ ಪರೀಕ್ಷೆ."

ನೀನು ಏನೋ ಹೇಳಲು ಬಾಯಿ ತೆರೆದೆ. ನಾನು ಆಗಲೇ ಎದ್ದಿದ್ದೆ...

ಸರಾಸರಿ ಏರಿತು. ಚನ್ನರಾಯಪಟ್ಟಣದ ಸಭೆಯಲ್ಲಿ ನನ್ನನ್ನು ಹೊಗಳಿದರು. ನಮ್ಮ ಶಾಲೆಯನ್ನು ತೋರಿಸಿಯೇ ಹೊಳೆನರಸೀಪುರ, ಅರಕಲಗೂಡಿನ ಕಡೆಗೂ ಕಾರ್ಯಕ್ರಮವನ್ನು ಹಬ್ಬಿಸಿದರು. ಆ ವಾರವೇ ನಿಮ್ಮವ್ವ ನಿನ್ನ ಕೈ ಹಿಡಿದುಕೊಂಡು ಶಾಲೆಗೆ ಬಂದರು.

"ಏನ್ ಸಾ, ಮನೇಲಿ ಸಿಕ್ಕಿದ್ದೆಲ್ಲಾ ಓದ್ತಾಳೆ. ನೀವ್ ನೋಡಿದ್ರೆ ಬರಾಕಿಲ್ಲ ಅಂದ್ರಂತೆ?"

ಪುಸ್ತಕ ತೆರೆದು ಮುಂದಿಟ್ಟೆ. ನೀನು ಬೆರಳಿಟ್ಟು, ನಿಧಾನವಾಗಿ, ಪುಟ ಪೂರ್ತಿ ಓದಿದೆ. ಕಾರ್ಯಕ್ರಮ ನಿಜಕ್ಕೂ ಫಲ ಕೊಟ್ಟಿದ್ದು ನಿನ್ನಲ್ಲಿ — ಅಳೆಯದೆ ಬಿಟ್ಟದ್ದೂ ನಿನ್ನನ್ನೇ. ಹಾಸನಕ್ಕೆ ತಿಳಿಸಬಹುದಿತ್ತು. ಆದರೆ ಆ ಹೊಗಳಿಕೆ...

"ಇನ್ನೂ ಸರಿಯಾಗಿ ಬರಲ್ಲ ಕಣಮ್ಮ" ಎಂದು ನಿಮ್ಮವ್ವನನ್ನು ಕಳಿಸಿಬಿಟ್ಟೆ. ನೀನು ನನ್ನ ಮುಖವನ್ನೇ ನೋಡುತ್ತಿದ್ದೆ. ಮುಂದಿನ ವರ್ಷ ನೀನು ಶಾಲೆಗೆ ಬರಲಿಲ್ಲ. ನಾನು ಹುಡುಕಿಕೊಂಡು ಹೋಗಲೂ ಇಲ್ಲ.

ಇಷ್ಟು ವರ್ಷಗಳ ಮೇಲೆ, ಮೊನ್ನೆ ಬಸ್ ನಿಲ್ದಾಣದಲ್ಲಿ ನೀನೇ ಗುರುತು ಹಿಡಿದು ಮಾತಾಡಿಸಿದೆ. ಪಕ್ಕದಲ್ಲಿ ಪುಟ್ಟ ಮಗಳು. ಅವಳಿಗೆ ಮನೆಯಲ್ಲಿ ಪಾಠ ಯಾರು ಹೇಳಿಕೊಡುತ್ತಾರೆ ಎಂದು ನಾನು ಕೇಳಿದೆ.

"ಅವ್ರಪ್ಪನೇ ಸಾ. ನಂಗೆಲ್ಲಿ ಓದು ಅತ್ತುತ್ತೆ? ನೀವೇ ಯೋಳಿದ್ರಲ್ಲ" — ನೀನು ನಗುತ್ತಲೇ ಅಂದೆ.

ನಾನು ಬಸ್ಸು ಬಂತೆಂದು ಹತ್ತಿಬಿಟ್ಟೆ. ಮತ್ತೊಮ್ಮೆ ನಿನ್ನಿಂದ ತಪ್ಪಿಸಿಕೊಂಡೆ.

ಭಾನುವಾರ ನಿಮ್ಮ ಮನೆಗೆ ಬರುತ್ತೇನೆ, ಸಾವಿತ್ರೀ. ನಿನ್ನ ಮಗಳ ಎದುರಿಗೇ ಹೇಳಬೇಕು — ಅವಳಮ್ಮ ದಡ್ಡಿಯಾಗಿರಲಿಲ್ಲ, ಅವಳಮ್ಮನ ಮೇಷ್ಟ್ರು ಸುಳ್ಳು ಹೇಳಿದ್ದ.