ಹೊಗೆ ಕಡಿಮೆ ಮಾಡಿ, ಮಾವ

ಅವರ ಎಡಗಣ್ಣಿನ ಮೇಲೆ ಹುಬ್ಬೇ ಇರಲಿಲ್ಲ. ಎಂದೋ ಮರದ ಮೇಲಿದ್ದಾಗ ಕೈಯಲ್ಲಿದ್ದ ಪಂಜಿನ ಕಿಡಿ ಹಾರಿ ಸುಟ್ಟದ್ದು, ಮತ್ತೆ ಬೆಳೆಯಲಿಲ್ಲವಂತೆ. ನಕ್ಕಾಗ ಬಲಗಡೆಯ ಹುಬ್ಬು ಹಣೆಯ ತನಕ ಏರುತ್ತಿತ್ತು. ಎಡಗಡೆಯ ಮುಖ ಮಾತ್ರ ನಮ್ಮನ್ನು ಸುಮ್ಮನೆ ನೋಡುತ್ತಿತ್ತು.

ವೀರನಹೊಸಹಳ್ಳಿಯ ಕಡೆ ನನ್ನ ತಾಯಿಯ ಊರು. ಅಲ್ಲಿ ಅಜ್ಜಿಮನೆಯ ಎದುರುಮನೆ ಅವರದು. ಊರಿಗೆಲ್ಲ ಅವರು ಜೇನು ಮಾವ. ಹೊಲದಂಚಿನ ದೊಡ್ಡ ಮರಗಳಲ್ಲಿ ಕಟ್ಟುವ ಹೆಜ್ಜೇನನ್ನು ಇಳಿಸುತ್ತಿದ್ದರು. ಅಮಾವಾಸ್ಯೆಯ ಆಸುಪಾಸಿನ ಕತ್ತಲಲ್ಲಿ, ಹಸಿಸೊಪ್ಪು ಸುತ್ತಿದ ಪಂಜು ಹಿಡಿದು ಹತ್ತಿ, ಜೇನುತಟ್ಟಿಯಲ್ಲಿ ಅರ್ಧ ಮಾತ್ರ ಕೊಯ್ದು ಇಳಿಯುತ್ತಿದ್ದರು. "ಜೇನ ಕಿತ್ಕೊಂಡ್ ತಿನ್ನಬಾರ್ದು ಕಣವ್ವ, ಕೇಳ್ಕೊಂಡ್ ತಿನ್ನಬೇಕು" ಎನ್ನುವುದು ಅವರ ಮಾತು.

ಹುಣಸೂರು ಸಂತೆಯಲ್ಲಿ ಸ್ಟೀಲು ಕ್ಯಾನು ಇಟ್ಟುಕೊಂಡು ಕೂರುವರು. ಕೇಳಿದವರ ಅಂಗೈಗೆ ಮೊದಲು ಒಂದು ತೊಟ್ಟು. ಒಮ್ಮೆ ಕೆ.ಆರ್. ನಗರದಿಂದ ಒಬ್ಬರು ಮಗುವಿನ ಔಷಧಿಗೆಂದು ಹುಡುಕಿಕೊಂಡು ಬಂದಿದ್ದರು. ಇವರು ಕ್ಯಾನಿನ ಮುಚ್ಚಳವನ್ನೇ ತೆಗೆಯಲಿಲ್ಲ. "ಈ ಸಲದ್ದು ಮಳೆ ನೀರು ಕುಡ್ದದೆ, ದೋಸೆಗಾದ್ರೆ ಆಯ್ತದೆ. ಮಗಿನ ಔಷ್ದಿಗೆ ಬ್ಯಾಡಿ, ಓಗಿ" ಎಂದು ಕಳಿಸಿಬಿಟ್ಟರು.

ನಾನು ಬಿ.ಕಾಂ. ಮುಗಿಸಿ, ಮೈಸೂರಿನ ಜಾಹೀರಾತು ಕಚೇರಿಯೊಂದರಲ್ಲಿ ಎರಡು ವರ್ಷ ದುಡಿದು, ಕೆಲಸ ಬಿಟ್ಟು ಅಜ್ಜಿಮನೆಗೆ ಬಂದಿದ್ದೆ. ಸಂತೆಯಲ್ಲಿ ಮಾವನ ಕ್ಯಾನು ಅರ್ಧವೂ ಖಾಲಿಯಾಗದೆ ವಾಪಸು ಬರುವುದನ್ನು ಕಂಡು, "ಫೋನಲ್ಲೇ ಮಾರೋಣ ಮಾವ" ಎಂದೆ. ಅವರು ಆಗ ಬಾಟಲಿಗೆ ಆಲಿಕೆ ಇಟ್ಟು ಜೇನು ಬಗ್ಗಿಸುತ್ತಿದ್ದರು. ನಾನು ಅದನ್ನೇ ತೋರಿಸಿ ವಿವರಿಸಿದೆ: ಮೇಲೆ ಅಗಲ, ಕೆಳಗೆ ಕಿರಿದು. ನೂರು ಜನ ಚಿತ್ರ ನೋಡುತ್ತಾರೆ, ಕೆಲವರು ನಂಬರು ಕೊಡುತ್ತಾರೆ, ಅವರೊಡನೆ ದಿನವೂ ಒಂದಿಷ್ಟು ಮಾತಾಡಿದರೆ ಕೊನೆಗೆ ನಾಲ್ಕು ಜನ ಕೊಳ್ಳುತ್ತಾರೆ.

"ಮಿಕ್ಕೋರು?"

"ಚೆಲ್ಲಿಹೋಗ್ತಾರೆ ಮಾವ."

"ಒಂದ್ ತೊಟ್ಟೂ ಚೆಲ್ಲಬಾರ್ದು ಅಂತಲ್ವೇನವ್ವ ಆಲಿಕೆ ಇಕ್ಕೋದು?" ಎಂದರು.

ಕಚೇರಿಯಲ್ಲಿ ಕಲಿತ ಮೊದಲ ಪಾಠದಂತೆ ಎದುರಾಳಿಗಳನ್ನು ಅಭ್ಯಾಸ ಮಾಡಲು ಕುಳಿತೆ. ಫೋನಿನಲ್ಲಿ ಜೇನು ಮಾರುವ ಹನ್ನೊಂದು ಜನರಿಗೆ ನನ್ನ ನಂಬರು ಕೊಟ್ಟೆ. ಯಾರು ಯಾವ ದಿನ ಯಾವ ಸಂದೇಶ ಕಳಿಸುತ್ತಾರೆ, ಯಾವ ಚಿತ್ರಕ್ಕೆ ಜನ ಮುಗಿಬೀಳುತ್ತಾರೆ, ಎಲ್ಲವನ್ನೂ ನೋಟ್‌ಬುಕ್ಕಿಗೆ ಇಳಿಸಿದೆ. ಮಾವನ ಜಗಲಿಯೇ ಕಚೇರಿ. ಬಂದದ್ದನ್ನೆಲ್ಲ ಓದಿ ಹೇಳುತ್ತಿದ್ದೆ, ಅವರು ಎಲೆಯಡಿಕೆ ಜಗಿಯುತ್ತ ಕೇಳುತ್ತಿದ್ದರು.

"ಮೂರ್ ದಿನದಿಂದ ಈ ವಯ್ಯ ‘ಇವತ್ತೇ ಕೊನೇ ದಿನ’ ಅಂತಾವ್ನಲ್ಲ, ಯಾವತ್ತಂತೆ ಇವನ್ ಕೊನೇ ದಿನ?"

ಮಾವನ ಹೆಂಡತಿ, ನಮ್ಮ ಅತ್ತೆ, ಒಳಗಿನಿಂದಲೇ, "ನೀವ್ ಅಡ್ಕೆ ಬುಡೋ ದಿನ" ಎಂದರು.

ಏಳು ದಿನಕ್ಕೆ ಏಳು ಮಾತು ಎಂದು ಯೋಜನೆಯಾಯಿತು. ನಂಬರು ಕೊಟ್ಟವರಿಗೆ ದಿನವೂ ಬೆಳಿಗ್ಗೆ ಏಳಕ್ಕೆ ಮಾವನ ದನಿಯಲ್ಲಿ ಒಂದೊಂದು ಸಂದೇಶ ತಾನಾಗಿ ಹೋಗಬೇಕು. ಎಂಟನೆಯದು ಜೇನು ಇಳಿಸುವ ವಿಡಿಯೊ. ಏಳನ್ನೂ ಜಗಲಿಯಲ್ಲೇ ಧ್ವನಿಮುದ್ರಿಸಿದೆವು. ಕೋಳಿ ಕೂಗಿದರೆ ಮಾವ ನಿಲ್ಲಿಸಿ, "ನಿಂದಾಯ್ತೇನಪ್ಪ?" ಎಂದು ಅದನ್ನು ಕೇಳಿ ಮುಂದುವರಿಯುತ್ತಿದ್ದರು.

ಮೊದಲ ಚಿತ್ರ ಹಾಕಿದ ದಿನವೇ ಯಾರೋ ಅದರ ಕೆಳಗೆ ಬರೆದರು: "ಬೆಲ್ಲದ ಪಾಕ. ನೋಡಿದರೇ ಗೊತ್ತಾಗುತ್ತೆ." ಮಾವ ಅದನ್ನು ಎರಡು ಸಲ ಓದಿಸಿದರು. ನಗುವರೆಂದು ಕಾದೆ. ನಗಲಿಲ್ಲ.

"ನಲ್ವತ್ ವರ್ಸದಲ್ಲಿ ಒಬ್ರೂ ಈ ಮಾತ ಅಂದಿರ್ನಿಲ್ಲ" ಎಂದು ಬಾಯಲ್ಲಿದ್ದ ಎಲೆ ಉಗಿದು ಒಳಗೆ ಹೋದರು. ಅಂದು ಊಟಕ್ಕೂ ಏಳಲಿಲ್ಲವೆಂದು ಅತ್ತೆ ಹೇಳಿದರು.

ಎಂಟನೆಯ ದಿನದ ವಿಡಿಯೊ ನನಗೆ ಬರೀ ವಿಡಿಯೊ. ಅವರಿಗೆ ಅದು ತಮ್ಮ ಮಾತನ್ನು ಉಳಿಸಿಕೊಳ್ಳುವ ದಾರಿಯಾಗಿಬಿಟ್ಟಿತು. ನನ್ನ ನೋಟ್‌ಬುಕ್ಕಿನಲ್ಲಿ ಎಲ್ಲರಿಗಿಂತ ಹೆಚ್ಚು ಜನರನ್ನು ಸೆಳೆದದ್ದು ಒಬ್ಬ ಎದುರಾಳಿಯ ವಿಡಿಯೊ: ಹಗಲು ಬೆಳಕು, ಬರಿಗೈ, ಹೊಗೆಯಿಲ್ಲ, ನಗುವ ಮುಖ, ಕೈಯಲ್ಲಿ ತಟ್ಟಿ. ಅದನ್ನು ತೋರಿಸಿದಾಗ ಮಾವ, "ಇದು ಪೆಟ್ಗೇಲಿ ಸಾಕೋ ತುಡುವೆ ಜೇನು ಕಣ್ ಮಗ, ಅಸ ಇದ್ದಂಗೆ ಸಾಧು. ನಮ್ದು ಎಜ್ಜೇನು. ಅಗಲೊತ್ತಲ್ಲಿ ಮುಟ್ಟಾಕಿಲ್ಲ" ಎಂದರು. ನಾನದನ್ನು ಬರೆದುಕೊಳ್ಳಲಿಲ್ಲ. ಹನ್ನೊಂದು ಜನರ ಮಾರಾಟವನ್ನು ಅಭ್ಯಾಸ ಮಾಡಿದವಳು ಅವರ ಹುಳ ಯಾವುದೆಂದು ನೋಡಿರಲಿಲ್ಲ. "ಕತ್ತಲಲ್ಲಿ ತೆಗೆದರೆ ಏನೂ ಕಾಣಲ್ಲ ಮಾವ. ಮತ್ತೆ ಪಾಕ ಅಂತಾರೆ" ಎಂದೆ.

ಆ ಮಾತಿಗೇ ಅವರು ಒಪ್ಪಿದ್ದು.

ವಿಡಿಯೊ ತೆಗೆಯುವ ಹಿಂದಿನ ದಿನ, ಸಂದೇಶ ಸರಿಯಾಗಿ ಹೋಗುತ್ತದೋ ಇಲ್ಲವೋ ನೋಡಲು ಅತ್ತೆಯ ನಂಬರನ್ನು ಪಟ್ಟಿಗೆ ಸೇರಿಸಿದ್ದೆ. ಮರುದಿನ ಬೆಳಿಗ್ಗೆ ಏಳಕ್ಕೆ ಒಲೆಯ ಮುಂದಿದ್ದ ಫೋನಿನಲ್ಲಿ ಮೊದಲನೆಯದು ಬಂತು: "ನಮಸ್ಕಾರ. ನಾನು ಜೇನು ಮಾವ ಮಾತಾಡ್ತಾ ಇವ್ನಿ." ಅತ್ತೆ ನಗು ತಡೆಯಲಾರದೆ, "ಮನೇಲಿ ಮೂರ್ ಮಾತೂ ಆಡ್ದೇ ಇರೋರು ಫೋನಲ್ಲಿ ಎಂಗ್ ಮಾತಾಡ್ತಾರೆ ನೋಡು!" ಎಂದರು. ಪಕ್ಕದಲ್ಲೇ ಕಾಫಿ ಕುಡಿಯುತ್ತಿದ್ದ ಮಾವ ನಾಚಿ ಲೋಟದೊಳಗೆ ನೋಡಿದರು.

ಹತ್ತು ಗಂಟೆಗೆ ಬೂರುಗದ ಮರದ ಬುಡದಲ್ಲಿದ್ದೆವು. ಕೆಳಗೆ ಬಾಗಿದ ಕೊಂಬೆಯಲ್ಲಿ, ಏಣಿಗೆ ಎಟುಕುವಷ್ಟು ಎತ್ತರದಲ್ಲಿ ಒಂದು ತಟ್ಟಿ. ಮೇಲೆ ಇನ್ನೂ ಆರೇಳು. ಮಾವ ಕೈಮುಗಿದು ಏಣಿ ಹತ್ತಿದರು. ಪಂಜಿನ ಹೊಗೆ ದಟ್ಟವಾಗಿ ಎದ್ದು ಅವರ ಮುಖ ಮುಚ್ಚಿತು. ನಾನು ಫೋನ್ ಹಿಡಿದು ಕೂಗಿದೆ:

"ಹೊಗೆ ಕಡಿಮೆ ಮಾಡಿ, ಮಾವ. ಮುಖ ಕಾಣ್ತಿಲ್ಲ."

ಅವರು ಒಮ್ಮೆ ನನ್ನತ್ತ ನೋಡಿ ಪಂಜನ್ನು ಪಕ್ಕಕ್ಕೆ ಸರಿಸಿದರು. ಮುಖ ಕಂಡಿತು. ಬಲಗಡೆಯ ಹುಬ್ಬು ಏರಿತ್ತು. ಆಮೇಲೆ ಮೊದಲು ಬದಲಾದದ್ದು ಸದ್ದು. ಜುಯ್ ಎನ್ನುತ್ತಿದ್ದದ್ದು ದಪ್ಪಗಾಯಿತು, ಮೇಲಿನ ಆರೇಳು ತಟ್ಟಿಗಳಿಂದಲೂ ಬಂತು.

"ಓಡು ಮಗ!"

ನಾನು ಓಡಲಿಲ್ಲ, ನಿಂತೆ. ಅವರು ಏಣಿಯಿಂದ ಹಾರಿ, ಹೆಗಲ ಕಂಬಳಿಯನ್ನು ನನ್ನ ತಲೆಯ ಮೇಲೆ ಎಸೆದು, ರಟ್ಟೆ ಹಿಡಿದು ಎಳೆದುಕೊಂಡು ಹೋದರು. ಹೊಲದಂಚಿನಲ್ಲಿ ಹೊಗೆಸೊಪ್ಪು ಬೇಯಿಸುವ ಕೋಣೆ, ಬ್ಯಾರನ್, ಇತ್ತು. ಬೇಸಿಗೆಯಾದ್ದರಿಂದ ಖಾಲಿ. ನನ್ನನ್ನು ಒಳಗೆ ನೂಕಿದರು. ಆ ಬಾಗಿಲಿಗೆ ಚಿಲಕ ಇದ್ದದ್ದು ಹೊರಗಡೆ ಮಾತ್ರ. ಹಾಕದಿದ್ದರೆ ತಾನೇ ತೆರೆದುಕೊಳ್ಳುತ್ತಿತ್ತು. ಅವರ ಮೈಮೇಲೆ ಆಗಲೇ ಹುಳ ಮುತ್ತಿದ್ದವು. ಒಳಗೆ ಬಂದಿದ್ದರೆ ಅವೂ ಬರುತ್ತಿದ್ದವು. ಚಿಲಕ ಬಿದ್ದ ಸದ್ದು ಕೇಳಿತು. "ಕಂಬ್ಳಿ ತೆಗೀಬ್ಯಾಡ" ಎಂದರು. ಆಮೇಲೆ ಕೆರೆಯ ಕಡೆಗೆ ಓಡುವ ಹೆಜ್ಜೆಗಳು.

ಎಷ್ಟು ಹೊತ್ತು ಒಳಗಿದ್ದೆನೋ ತಿಳಿಯದು. ಕೆರೆ ಮುಟ್ಟುವ ಮೊದಲೇ ಅವರು ಬಿದ್ದಿದ್ದರು. ಅಂದು ಸಂಜೆ ಆಸ್ಪತ್ರೆಯಲ್ಲಿ ತೀರಿಹೋದರು. ಹೊರಗೆ ಬೆಂಚಿನ ಮೇಲೆ ಕುಳಿತಿದ್ದಾಗ ನನ್ನ ಫೋನಿಗೆ ಯಾರೋ ಜೇನಿನವರ ಸಂದೇಶ ಬಂತು: "ಇವತ್ತೇ ಕೊನೆಯ ದಿನ."

ಮರುದಿನ ಮಣ್ಣು ಮಾಡಿದರು. ಅದರ ಮರುದಿನ, ಹಾಲುತುಪ್ಪ ಬಿಡುವ ದಿನ, ಅತ್ತೆ ನನ್ನನ್ನು ಒಳಗೆ ಕರೆದು ಫೋನ್ ಮುಂದೆ ಹಿಡಿದರು. ಅದರಲ್ಲಿ ಮಾವ ಮಾತಾಡುತ್ತಿದ್ದರು: "ಜೇನ ಫ್ರಿಜ್ಜಲ್ಲಿ ಇಕ್ಬ್ಯಾಡಿ..." ಮೂರನೆಯ ದಿನದ್ದು. ನಾನು ಎಲ್ಲರಿಗೂ ನಿಲ್ಲಿಸಿದ್ದೆ, ಪರೀಕ್ಷೆಗೆ ಸೇರಿಸಿದ ಅತ್ತೆಯ ನಂಬರು ಮರೆತುಹೋಗಿತ್ತು.

"ತಪ್ಪಾಯ್ತು ಅತ್ತೆ, ಈಗಲೇ ನಿಲ್ಲಿಸ್ತೀನಿ."

"ಇನ್ನೆಷ್ಟ್ ಅವೆ ಮಗ?"

"ನಾಲ್ಕು."

"ಬರ್ಲಿ ಬುಡು."

ಹೀಗೆ ನಾಲ್ಕು ಬೆಳಿಗ್ಗೆ ಆ ಜಗಲಿಯಲ್ಲಿ ಅವರ ಪಕ್ಕ ಕುಳಿತೆ. ನನ್ನನ್ನು ಅವರು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ತಡೆದುಕೊಳ್ಳಬಹುದಿತ್ತು. ಕಂಬಳಿ ನನ್ನ ಬಳಿಯೇ ಇದೆ. ಹೊಗೆಯ ವಾಸನೆ ಹೋಗಿಲ್ಲ. ಕಣ್ಣು ಮುಚ್ಚಿದರೆ ಚಿಲಕ ಬೀಳುತ್ತದೆ.

ಏಳನೆಯದರಲ್ಲಿ ನಡುವೆ ಕೋಳಿ ಕೂಗಿತ್ತು, "ನಿಂದಾಯ್ತೇನಪ್ಪ?" ಎಂಬುದನ್ನು ನಾನು ತೆಗೆದಿರಲಿಲ್ಲ. ಕೊನೆಗೆ, ಎದುರಾಳಿಯೊಬ್ಬನನ್ನು ನೋಡಿ ನಾನೇ ಹೇಳಿಕೊಟ್ಟಿದ್ದ ಸಾಲು ಬಂತು: "ಬೇಕು ಅನ್ನೋರು ಒಂದು ಅಂತ ಒತ್ತಿ ಕಳಿಸಿ. ಮಿಕ್ಕಿದ್ದ ನಾನು ನೋಡ್ಕತೀನಿ."

ಅತ್ತೆ ಫೋನನ್ನು ನನ್ನ ಕಡೆ ತಿರುಗಿಸಿದರು.

"ಒಂದು ಎಲ್ಲಿ ಒತ್ತೋದು ಮಗ?"

ತೋರಿಸಿದೆ. ಒತ್ತಿ ಕಳಿಸಿದರು. ಆಮೇಲೆ ಫೋನನ್ನು ಮಡಿಲಲ್ಲಿಟ್ಟುಕೊಂಡು, ಮುಂದಿನದು ಬರುವುದೆಂಬಂತೆ ಕಾಯುತ್ತ ಕುಳಿತರು.