ನಿದ್ದೆಗೆಡಿಸಿದ ತಾಯಿ

ಒಗೆಯಲು ಬಟ್ಟೆಯೇ ಬೀಳುತ್ತಿರಲಿಲ್ಲ.

ನಮ್ಮ ಮಗ ತಿಂಗಳು ತುಂಬುವ ಮೊದಲೇ ಹುಟ್ಟಿದ್ದ. ಆಸ್ಪತ್ರೆಯಿಂದ ಚಂದ್ರಗುತ್ತಿಗೆ, ಹೆಂಡತಿ ರೇಣುಕಾಳ ತವರಿಗೆ, ಬಾಣಂತನಕ್ಕೆ ಬಂದಿದ್ದೆವು. ಎದೆಗೆ ಹಿಡಿದರೆ ಒಂದೆರಡು ಸಲ ಚೀಪಿ ಮಲಗಿಬಿಡುತ್ತಿದ್ದ. ಅಳುವೇ ಇಲ್ಲ. ನೋಡಲು ಬಂದವರಿಗೆಲ್ಲ ಅತ್ತೆ ಹೇಳುತ್ತಿದ್ದರು, “ಎಂಥಾ ಸಾಧು ಕೂಸು! ತಾಯಿಗೆ ಚೂರೂ ತ್ರಾಸಿಲ್ಲ.”

ಮಲಗಿದ ಕೂಸನ್ನು ಎಬ್ಬಿಸಬಾರದು ಎಂಬುದು ಆ ಮನೆಯ ಕಟ್ಟಳೆ. ಮಿಕ್ಸಿಯನ್ನೂ ಹಿತ್ತಿಲಿಗೆ ಸಾಗಿಸಿದ್ದರು.

ಒಂದು ಬೆಳಿಗ್ಗೆ ರೇಣುಕಾ ಮಗುವಿಗೆ ಸುತ್ತಿದ್ದ ಹಳೇ ಸೀರೆಯ ತುಂಡನ್ನು ಬಿಚ್ಚಿ ಮುಟ್ಟಿ ನೋಡಿದಳು. ಹಿಂದಿನ ಸಂಜೆ ಸುತ್ತಿದ್ದು. ಗರಿಗರಿಯಾಗಿತ್ತು.

“ಇವ್ನು ಉಚ್ಚೆನೇ ಹೊಯ್ದಿಲ್ಲ ಕಣ್ರೀ.”

“ಸೆಕೆಗೆ ಆರಿರ್ತದೆ. ಎಬ್ಬಿಸ್ಬೇಡ ಮಾರಾಯ್ತಿ,” ಎಂದರು ಅತ್ತೆ.

ಅವಳು ಎಬ್ಬಿಸತೊಡಗಿದಳು. ಅಂಗಾಲು ತಿಕ್ಕಿದಳು, ಕೆನ್ನೆ ತಟ್ಟಿದಳು.

ಮಗು ಕಣ್ಣು ತೆರೆಯಲಿಲ್ಲ.

ಸೊರಬದ ಆಸ್ಪತ್ರೆಗೆ ಓಡಿದೆವು. ಡಾಕ್ಟರು ಬಾಯೊಳಗೆ ಬೆರಳಿಟ್ಟು ನೋಡಿದರು. ಒಣಗಿತ್ತು. “ಇದು ನಿದ್ದೆ ಅಲ್ಲ, ನಿತ್ರಾಣ. ಬೇಗ ಹುಟ್ಟಿದ ಮಕ್ಕಳಿಗೆ ಹಸಿವಾದ್ರೂ ಅಳೋ ಶಕ್ತಿ ಇರಲ್ಲ. ಡೀಹೈಡ್ರೇಶನ್ ಆಗಿದೆ. ಇನ್ನೂ ತಡ ಮಾಡಿದ್ರೆ ಕಷ್ಟ ಇತ್ತು.” ನನ್ನ ಬೆರಳಿಗಿಂತ ಸಣ್ಣ ಕೈಗೆ ಡ್ರಿಪ್ ಹಾಕಿದರು. ಓದಿದವನು ನಾನು, ಡ್ರಿಪ್ಪಿನ ಹನಿ ಎಣಿಸುತ್ತ ನಿಂತೆ. ರೇಣುಕಾ ಕೇಳಿದಳು, “ಎಷ್ಟು ಹೊತ್ತಿಗೊಮ್ಮೆ ಕುಡಿಸ್ಲಿ?”

ಆಮೇಲೆ ಅವಳಿಗಿದ್ದದ್ದು ಅದೊಂದೇ ಕೆಲಸ. ಹೆರಿಗೆಯ ಹೊಲಿಗೆಯ ನೋವಿನಲ್ಲೂ ನೆಟ್ಟಗೆ ಕೂತು ಹಾಲು ಹಿಂಡಿ, ಚೂಪು ಮೂತಿಯ ಪುಟ್ಟ ಒಳಲೆಯಲ್ಲಿ ಹನಿಹನಿಯಾಗಿ ಅವನ ತುಟಿಗೆ ಇಳಿಸುವಳು. ನುಂಗುವವರೆಗೂ ಕಾಯುವಳು. ಅವನು ತೂಕಡಿಸಿದರೆ ಮತ್ತೆ ಅಂಗಾಲು. “ಪಾಪ, ಎಷ್ಟು ಕಾಡ್ತೀಯೆ,” ಎಂದು ಅತ್ತೆ ಕಣ್ಣೊರೆಸಿಕೊಂಡರೆ, “ಬೈಕೋ, ಆದ್ರೆ ಒಳಲೆ ತೊಳ್ಕೊಂಡು ಬಾ,” ಎನ್ನುವಳು.

ಡ್ರಿಪ್ ತೆಗೆದ ಮಧ್ಯಾಹ್ನ ಅವನು ಅಜ್ಜಿಯ ತೊಡೆ ಪೂರಾ ತೋಯಿಸಿದ. ಅತ್ತೆ ಅಲ್ಲಾಡಲಿಲ್ಲ. ಶಿಕಾರಿಪುರದಲ್ಲಿದ್ದ ನನ್ನ ಅವ್ವನಿಗೆ ಫೋನ್ ಹಚ್ಚಿ, ವಾರ್ಡೆಲ್ಲ ಕೇಳುವಂತೆ ಕೂಗಿದರು, “ಹೊಯ್ದ ಕಣ್ರೀ!”

ಅತ್ತಲಿಂದ ಅವ್ವ, “ಹೊಯ್ಲಿ ಬಿಡ್ರೀ, ನಮ್ಮನ್ಯಾಗ ಬಟ್ಟಿಗೇನು ಬರ ಐತೇನು!”

ರೇಣುಕಾ ಆಗ ಮೊದಲ ಸಲ ಅತ್ತಳು. ಒಳಲೆ ಕೆಳಗಿಡಲಿಲ್ಲ.

ಮನೆಗೆ ಬಂದಿದ್ದೇವೆ. ತೂಕ ಇನ್ನೂ ಏರಬೇಕು. ಆ ಬೆಳಿಗ್ಗೆ ಅವಳು ಎಲ್ಲರ ಮಾತು ಕೇಳಿದ್ದರೆ ಎಂದು ಈಗಲೂ ಒಮ್ಮೊಮ್ಮೆ ಯೋಚಿಸುತ್ತ ಕೂರುತ್ತೇನೆ. ಹೇಳಿದರೆ ಅವಳು, “ಯೋಚ್ನೆ ಆಮೇಲೆ ಮಾಡ್ರೀ. ಮೊದ್ಲು ಕಾಲು ತಿಕ್ಕಿ,” ಎನ್ನುತ್ತಾಳೆ.

ತಿಕ್ಕುತ್ತೇನೆ. ಅವನು ಮುಖ ಸಿಂಡರಿಸಿ, ಬೀದಿಗೆಲ್ಲ ಕೇಳುವಂತೆ ಕಿರುಚುತ್ತಾನೆ.