ಹೆಪ್ಪುಗಟ್ಟಿದ ನೀರು ದಾಟಿಸಿದವನು

ತಿ. ನರಸೀಪುರದ ತಾಲ್ಲೂಕು ಕಚೇರಿ ಎದುರು ನನ್ನದೊಂದು ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ ಇದೆ. ಖಾತೆ ಬದಲಾವಣೆಗೆ ಬರುವವರಿಗೆ ಅರ್ಜಿ, ಅಫಿಡವಿಟ್, ವಂಶವೃಕ್ಷ ಟೈಪು ಮಾಡಿಕೊಡುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಬೆಳಗ್ಗೆ, ಕಾಟನ್ ಸೀರೆ ಉಟ್ಟ ಬಿಳಿ ಮೈಬಣ್ಣದ ಮುದುಕಿಯೊಬ್ಬರು ಬೋರ್ಡು ಓದಿಕೊಂಡು ಒಳಗೆ ಬಂದರು.

“ನಮ್ದೂ ಒಂದು ವಂಶವೃಕ್ಷ ಮಾಡ್ಕೊಡ್ತೀಯೇನಮ್ಮ? ಒಸಿ ಉದ್ದ ಐತೆ” ಅಂದರು.

ಊರಿನಲ್ಲಿ ಅವರನ್ನು ಜರ್ಮನಿ ಅಮ್ಮ ಅನ್ನುತ್ತಿದ್ದರು. ಜರ್ಮನಿಗೆ ಓದಲು ಹೋಗಿದ್ದ ಬನ್ನೂರಿನ ಎಂಜಿನಿಯರೊಬ್ಬರನ್ನು ಮದುವೆಯಾಗಿ ಇಲ್ಲಿಗೆ ಬಂದವರು. ಗಂಡ ತೀರಿಕೊಂಡ ಮೇಲೂ ಹೊಳೆ ಕಡೆಯ ಬೀದಿಯಲ್ಲೇ ಉಳಿದಿದ್ದರು. ಕನ್ನಡ ಕಲಿತದ್ದು ಅತ್ತೆಯಿಂದ. ಜರ್ಮನಿಯಲ್ಲಿದ್ದ ಅಕ್ಕನ ಮೊಮ್ಮಗ, ಮನೆತನದ ಚರಿತ್ರೆ ಬರೆದು ಕಳಿಸಿ ಎಂದು ಕೇಳಿದ್ದನಂತೆ. ಕೈ ನಡುಗುತ್ತಿದ್ದುದರಿಂದ ಅವರು ಬರೆಯಲಾರರು, ಜರ್ಮನ್ ನನಗೆ ಬಾರದು. ಇಂಗ್ಲಿಷಿನಲ್ಲಿ ಅವರು ಹೇಳುವುದು, ನಾನು ಟೈಪು ಮಾಡುವುದು ಎಂದು ತೀರ್ಮಾನವಾಯಿತು.

ಮಧ್ಯಾಹ್ನ ಕಚೇರಿಯ ಜನ ಕಡಿಮೆಯಾದ ಮೇಲೆ ಅವರು ಬರುತ್ತಿದ್ದರು. ಬಾಲ್ಟಿಕ್ ಎಂಬ ಸಮುದ್ರದ ದಂಡೆಯಲ್ಲಿ ಅವರ ಮನೆತನ ನಾನೂರು ವರ್ಷ ಬಾಳಿತ್ತು. ಕೆಂಪು ಇಟ್ಟಿಗೆಯ ದೊಡ್ಡ ಮನೆ, ಕುದುರೆ ಲಾಯ, ಸುತ್ತಲಿನ ಮೂರು ಹಳ್ಳಿಗಳ ಜಮೀನು. ಯಾವ ಮುತ್ತಜ್ಜ ಯಾವ ರಾಜನ ಸೈನ್ಯದಲ್ಲಿದ್ದ, ಯಾವ ಅಜ್ಜಿ ಯಾವ ಮನೆಯಿಂದ ಬಂದಳು, ಎಲ್ಲವನ್ನೂ ತಡವರಿಸದೆ ಹೇಳುತ್ತಿದ್ದರು. ಆ ಮೂರು ಹಳ್ಳಿಗಳಲ್ಲಿ ಇದ್ದವರು ಯಾರು ಎಂದು ಒಮ್ಮೆ ಕೇಳಿದೆ. ನಮ್ಮ ಆಳುಗಳು ಎಂದು ಹೇಳಿ ಮುಂದಿನ ಸಾಲಿಗೆ ಹೋದರು.

ಮಹಾಯುದ್ಧದ ಕೊನೆಯ ಚಳಿಗಾಲದ ಕಥೆ ಬಂದಾಗ ಅವರ ದನಿ ಸಣ್ಣದಾಯಿತು. ಆಗ ಅವರಿಗೆ ಏಳು ವರ್ಷ. ತಂದೆ ಯುದ್ಧದಿಂದ ಮರಳಿರಲಿಲ್ಲ. ಶತ್ರು ಸೈನ್ಯ ಹತ್ತಿರವಾಯಿತೆಂದು ತಾಯಿ ಇಬ್ಬರು ಹೆಣ್ಣುಮಕ್ಕಳನ್ನೂ ಕೈಗೂಸನ್ನೂ ಕರೆದುಕೊಂಡು ಗಾಡಿ ಹತ್ತಿದರು. ಬೆಳ್ಳಿ ಸಾಮಾನು, ಹಿರಿಯರ ಪಟಗಳು ಪೆಟ್ಟಿಗೆಗಳಲ್ಲಿ ತುಂಬಿದ್ದವು. ಗಾಡಿ ಹೊಡೆದವನು ಲಾಯದ ಆಳು. ಅವನ ಸೊಸೆಗೂ ಮೊಮ್ಮಗುವಿಗೂ ಗಾಡಿಯಲ್ಲಿ ಜಾಗವಿರಲಿಲ್ಲ. ಸಮುದ್ರದ ಅಂಚಿನ ಹಿನ್ನೀರು ಹೆಪ್ಪುಗಟ್ಟಿತ್ತು. ಅದರ ಮೇಲೆ ಸಾವಿರಾರು ಗಾಡಿಗಳು. ಮುಂದಿನ ಗಾಡಿಯೊಂದು ಒಡೆದ ಮಂಜುಗಡ್ಡೆಯೊಳಗೆ ಇಳಿದುಹೋದದ್ದನ್ನು ಅವರು ನೋಡಿದ್ದರು. ಎರಡನೆಯ ದಿನ ಕೈಗೂಸಾಗಿದ್ದ ತಮ್ಮ ಚಳಿಗೆ ಸತ್ತ. ಅಗೆಯಲು ನೆಲವೇ ಇರಲಿಲ್ಲ. ಗಾಡಿಯವನು ತನ್ನ ಕೋಟು ಬಿಚ್ಚಿ ಕೂಸನ್ನು ಸುತ್ತಿ ಮಂಜಿನ ಮೇಲೆ ಮಲಗಿಸಿದ. ಆಚೆ ದಡ ಮುಟ್ಟಿಸಿದವನೇ, ಸೊಸೆಯನ್ನು ಕರೆತರುತ್ತೇನೆಂದು ಹೇಳಿ ಕೋಟಿಲ್ಲದೆ ಬಂದ ದಾರಿಯಲ್ಲೇ ನಡೆದುಹೋದ.

ಗಾಡಿ ಎಳೆದ ಕುದುರೆಗಳ ಹೆಸರನ್ನು ಅವರು ಅಕ್ಷರ ಬಿಡಿಸಿ ಬಿಡಿಸಿ ಬರೆಸಿದರು. ನಾಲ್ಕು ಕುದುರೆ, ನಾಲ್ಕು ಹೆಸರು. ಟೈಪು ಮಾಡಿ ಮುಗಿಸಿ ಕೇಳಿದೆ:

“ಗಾಡಿಯವನ ಹೆಸರೇನು ಅಮ್ಮ?”

ಅವರು ಬಾಯಿ ತೆರೆದರು. ಹೆಸರು ಬರಲಿಲ್ಲ.

ಟೈಪಿಸ್ಟಾಗಿ ಮಾತ್ರ ಕೇಳಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ನನ್ನ ಅಪ್ಪ ಮದುವೆಯಾಗುವವರೆಗೂ ನಮ್ಮೂರು ಹೆಮ್ಮಿಗೆಯ ಒಂದು ದೊಡ್ಡ ಮನೆಯಲ್ಲಿ ಜೀತಕ್ಕಿದ್ದವನು. ಆ ಮನೆಯವರು ಒಂದು ದಿನವೂ ಅವನ ಹೆಸರು ಹಿಡಿದು ಕರೆದವರಲ್ಲ. ನನ್ನ ಪ್ರಶ್ನೆಯಲ್ಲಿ ಆ ಸಿಟ್ಟು ಇತ್ತು. ಅದು ನಾಟಬೇಕಾದ ಕಡೆಯೇ ನಾಟಿತು.

ಎರಡು ವಾರ ಜರ್ಮನಿ ಅಮ್ಮ ಬರಲಿಲ್ಲ. ನಾನೇ ಮನೆಗೆ ಹೋದೆ. ಊಟ ಸರಿಯಾಗಿ ಮಾಡದೆ ಸೊರಗಿದ್ದರು. ಅಕ್ಕನಿಗೆ ಗೊತ್ತಿರಬಹುದು, ಅವಳು ನನಗಿಂತ ಆರು ವರ್ಷ ದೊಡ್ಡವಳು ಎಂದರು. ಆ ಅಕ್ಕ ಜರ್ಮನಿಯ ವೃದ್ಧಾಶ್ರಮದಲ್ಲಿದ್ದರು. ನನ್ನ ಫೋನಿನಲ್ಲೇ ವಿಡಿಯೋ ಕಾಲ್ ಮಾಡಿಸಿದೆ. ತಂಗಿ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುವುದು ಭಾಷೆ ಬಾರದ ನನಗೂ ತಿಳಿಯುತ್ತಿತ್ತು. ಅಕ್ಕ ನಗುತ್ತಾ ಯಾವುದೋ ನಾಯಿಯ ವಿಷಯ ಹೇಳಿದರಂತೆ. ತಂಗಿಯ ಗುರುತೂ ಅವರಿಗೆ ಹತ್ತಲಿಲ್ಲ.

ಮರುದಿನ ಅಂಗಡಿಗೆ ಬಂದು, ಬರೆಸಿದ್ದೆಲ್ಲ ಅಳಿಸಿಹಾಕು ಎಂದರು. ನಾನು ಒಪ್ಪಲಿಲ್ಲ. ಕೇಳಿದ್ದಕ್ಕೆ ಕ್ಷಮಿಸಿ ಎಂದೆ. ತಲೆಯಾಡಿಸಿದರು.

“ನೀನು ಕೇಳಿದ್ದು ಸರಿ ಕಣಮ್ಮ. ನಾವು ಕೇಳ್ನಿಲ್ಲ ನೋಡು, ಅದು ತಪ್ಪು.”

ಆಮೇಲೆ ಕೊನೆಯ ಪುಟ ಬರೆಸಿದರು. ಮೂರೇ ಸಾಲು. ನಮ್ಮನ್ನು ಬದುಕಿಸಿದವನ ಹೆಸರು ನಮಗೆ ಗೊತ್ತಿಲ್ಲ. ಅವನ ಮನೆಯವರ ಜಾಗದಲ್ಲಿ ನಮ್ಮ ಪೆಟ್ಟಿಗೆಗಳಿದ್ದವು. ಇದನ್ನು ಓದುವವರು ಇದನ್ನು ಮರೆಯಬಾರದು.

ಆ ಮಳೆಗಾಲದಲ್ಲೇ ಅವರಿಗೆ ಜ್ವರ ಬಂದು ನ್ಯುಮೋನಿಯಾಕ್ಕೆ ತಿರುಗಿತು. ಮೈಸೂರಿಗೆ ಸೇರಿಸಿದ ನಾಲ್ಕನೆಯ ದಿನ ತೀರಿಕೊಂಡರು. ಗಂಡನ ಕಡೆಯವರು ಬನ್ನೂರಿನಿಂದ ಬಂದು ಕಾರ್ಯ ಮಾಡಿ, ಸಂಗಮದಲ್ಲಿ ಬೂದಿ ಬಿಟ್ಟರು. ನಾನೂ ಅಂಗಡಿಗೆ ಬೀಗ ಹಾಕಿ ಹೋಗಿದ್ದೆ. ಹೊಳೆ ತುಂಬಿ ಕೆಂಪಗೆ ಹರಿಯುತ್ತಿತ್ತು. ಇದ್ದವರು ಐದು ಜನ.

ಚರಿತ್ರೆಯನ್ನು ಅಕ್ಕನ ಮೊಮ್ಮಗನಿಗೆ ಇಮೇಲ್ ಮಾಡಿದೆ. ತುಂಬಾ ವಿನಯದಿಂದ ಉತ್ತರ ಬರೆದಿದ್ದ. ಕೊನೆಯ ಪುಟವನ್ನು ಚಿಕ್ಕಜ್ಜಿ ಕಾಯಿಲೆಯಲ್ಲಿ ಹೇಳಿರಬೇಕು, ಬಿಡಬಹುದಲ್ಲವೇ ಎಂದು ಕೇಳಿದ್ದ. ಕಾಯಿಲೆಗೆ ಮೊದಲೇ ಹೇಳಿದ್ದು, ಪೂರ್ತಿ ಬುದ್ಧಿ ನೆಟ್ಟಗಿದ್ದಾಗಲೇ ಹೇಳಿದ್ದು ಎಂದು ಬರೆದೆ. ಅದಕ್ಕೆ ಉತ್ತರ ಬರಲಿಲ್ಲ. ಮರುವರ್ಷ ಅಂಚೆಯಲ್ಲಿ ಪುಸ್ತಕ ಬಂತು. ಒಳ್ಳೆಯ ಕಾಗದ, ಮನೆಯ ಹಳೆಯ ಫೋಟೋ. ಕೊನೆಯ ಪುಟ ಅದರಲ್ಲಿರಲಿಲ್ಲ.

ಪುಸ್ತಕವನ್ನು ಹೆಮ್ಮಿಗೆಗೆ ತೆಗೆದುಕೊಂಡು ಹೋದೆ. ಅಪ್ಪನಿಗೆ ಈಗ ಕಣ್ಣು ಮಂಜು. ಫೋಟೋ ಹತ್ತಿರ ಹಿಡಿದು, ಯಾರ ಮನೆ ಎಂದು ಕೇಳಿದ. ಜಗಲಿಯಲ್ಲಿ ಕೂತು ಇಡೀ ಕಥೆ ಹೇಳಿದೆ. ಬಿಟ್ಟುಹೋದ ಪುಟವನ್ನೂ ಹೇಳಿದೆ, ನನ್ನ ಪ್ರಶ್ನೆಯನ್ನೂ ಹೇಳಿದೆ. ಒಳಗೊಳಗೇ ಅವನು ಮೆಚ್ಚಲಿ ಎಂದಿತ್ತು. ಅಪ್ಪ ಕೇಳಿದ:

“ಸೊಸೆ, ಮೊಗ ಸಿಕ್ಕುದ್ರಾ ಅವ್ನಿಗೆ?”

ಇಷ್ಟು ದಿನದಲ್ಲಿ ನನಗಾಗಲಿ, ಜರ್ಮನಿ ಅಮ್ಮನಿಗಾಗಲಿ ಅದನ್ನು ಕೇಳಬೇಕೆಂದು ಹೊಳೆದಿರಲಿಲ್ಲ. ಗೊತ್ತಿಲ್ಲಪ್ಪ ಎಂದೆ.